ಚೋರ್ ಬಜಾರಲ್ಲಿ ಸಿಕ್ಕ ಬಕ್ ರೋಜರ್ಸ್ ಪಿಸ್ತೂಲ್ ಜಾಹೀರಾತು, ಅಸಲಿನಾ?

ಮಾಟುಂಗಾ ಮಾಣಿ: ಎಲ್ರಿಗೂ ನಮಸ್ಕಾರ. ಈ ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ಮುಂಬೈನ ಹಳೇ ಸಾಮಾನಿನ ಸಂತೆ ಚೋರ್ ಬಜಾರಿಗೆ ಹೋಗಿದ್ದೆ, ಹಳೇ ಸಿನಿಮಾ ಪೋಸ್ಟರ್ ರಾಶಿಯೊಳಗೆ ಅಮೆರಿಕದ ಜಾಹೀರಾತು ಹಾಳೆ ಒಂದು ಸಿಕ್ತು, ಅಮೆರಿಕದ ಕಾಮಿಕ್ಸಿನ ಬಾಹ್ಯಾಕಾಶ ಹೀರೋ ಬಕ್ ರೋಜರ್ಸ್ ಚಿತ್ರ, ಪಕ್ಕದಲ್ಲಿ ಡೇಯ್ಸಿ ಕಂಪನಿಯ ಎರಡು ಆಟಿಕೆ ಪಿಸ್ತೂಲ್, ರಾಕೆಟ್ ಪಿಸ್ತೂಲ್ ಒಂದು, ಡಿಸ್‌ಇಂಟಿಗ್ರೇಟರ್ (ಕಥೇಲಿ ಎದುರಿದ್ದದ್ದನ್ನ ಪುಡಿಪುಡಿ ಮಾಡೋ ಪಿಸ್ತೂಲ್) ಇನ್ನೊಂದು. ಅಂಗಡಿಯವ್ರು 1934ರದ್ದು ಅಂತ 1,800 ಹೇಳಿ 1,200ಕ್ಕೆ ಇಳಿದ್ರು. ಭಾನುವಾರದವರೆಗೆ ತೆಗೆದಿಡ್ತಾರಂತೆ. ಹೇಗೆ ಪರೀಕ್ಷೆ ಮಾಡೋದು?

ಡೊಂಬಿವಲಿ ಭಟ್ಟ: ಮಾಣಿ, 1934 ಅಂತೂ ಅಲ್ಲ. ರಾಕೆಟ್ ಪಿಸ್ತೂಲ್ ಎಕ್ಸ್‌ಜೆಡ್-31 ಬಂದಿದ್ದು 1934ರಲ್ಲಿ, ಡಿಸ್‌ಇಂಟಿಗ್ರೇಟರ್ ಎಕ್ಸ್‌ಜೆಡ್-38 ಬಂದಿದ್ದು ಮಾರನೇ ವರ್ಷ, ಎರಡೂ ಒಂದೇ ಹಾಳೇಲಿದ್ರೆ 1935 ಅಥವಾ ಆಮೇಲಿನದು. ಹಾಗಂತ ನಕಲಿ ಅಂತ ಅಲ್ಲ, ಅಂಗಡಿಯವ್ರು ಅಂದಾಜಲ್ಲಿ ಹೇಳಿರ್ತಾರೆ. ಭೂತಗನ್ನಡಿ ತಗೊಂಡು ಹೋಗಿ, ಹಳೇ ಅಚ್ಚಲ್ಲಿ ಬಣ್ಣ ಎಲ್ಲಾ ಸಾಲುಸಾಲು ಚುಕ್ಕಿಯಾಗಿ ಕಾಣ್ಬೇಕು, ಇಂಕ್‌ಜೆಟ್ ಪ್ರಿಂಟಲ್ಲಿ ಕಂಡಕಂಡಲ್ಲಿ ಚೆಲ್ಲಿದ ಹಾಗಿರತ್ತೆ. ಮುಖ್ಯವಾಗಿ ಹಾಳೆ ತಿರುಗಿಸಿ ನೋಡಿ! ಪತ್ರಿಕೆಯಿಂದ ಕಿತ್ತಿದ್ದಾದ್ರೆ ಹಿಂದೆ ಏನಾದ್ರೂ ಅಚ್ಚಾಗಿರ್ಲೇಬೇಕು.

ಕೊಥ್ರೂಡ್ ಅಕ್ಕ: ಭಟ್ಟರು ಹೇಳಿದ್ದು ಸರಿ. ನನಗೆ ಈ ಜಾಹೀರಾತುಗಳ ಮೇಲೆ ತುಂಬಾ ಪ್ರೀತಿ. 1929ರ ಜನವರೀಲಿ ಪೇಪರಿನ ಕಾಮಿಕ್ ಸ್ಟ್ರಿಪ್ ಆಗಿ ಶುರುವಾದ ಹೀರೋ, ಐದಾರು ವರ್ಷದಲ್ಲಿ ಮಕ್ಕಳ ಕೈಯಲ್ಲಿ ತಗಡಿನ ಪಿಸ್ತೂಲ್ ಆಗ್ಬಿಟ್ಟ, ಅದೂ ಆರ್ಥಿಕ ಕುಸಿತದ ಕಾಲದಲ್ಲಿ, ಏರ್‌ಗನ್ ಮಾಡೋ ಕಂಪನಿಯಿಂದ. ಕಥೇಲಿ ಅವನ ಕೈಲಿರೋದೇ ನಿನ್ನ ಕೈಗೂ ಬರತ್ತೆ ಅನ್ನೋ ಆಸೆ ಅದು, ಯಾವ ಮಗು ಬೇಡ ಅನ್ನತ್ತೆ ಹೇಳಿ. ನಮ್ಮ ಮಾವ ಬೊಂಬಾಯಿಂದ ಇಂದ್ರಜಾಲ ಕಾಮಿಕ್ಸ್ ತಂದ್ರೆ ನಾನು ಇವನ ಥರದ್ದೇ ಬಾಹ್ಯಾಕಾಶ ಹೀರೋ ಫ್ಲಾಶ್ ಗಾರ್ಡನ್ ಕಥೆ ಓದಿ ಮುಗಿಸಿ ಹಿಂದಿನ ಜಾಹೀರಾತೂ ಅಷ್ಟೇ ಆಸೆಯಿಂದ ಓದ್ತಿದ್ದೆ. ಒಂದು ಮಾತು ಮಾಣಿ, ಅವ್ರ ಹತ್ರ ಅದೇ ಪತ್ರಿಕೆಯ ಉಳಿದ ಹಾಳೆಗಳಿದ್ಯಾ ಕೇಳು. ಒಳ್ಳೇ ಪತ್ರಿಕೇನ ಹರಿದು ಹಾಳೆಹಾಳೆ ಮಾರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಪ್ಪ, ಕಾಗದ ಹಾಳಾಗತ್ತೆ.

ಮಾಟುಂಗಾ ಮಾಣಿ: ಅಕ್ಕ, ಭಟ್ರೆ, ಇವತ್ತು ಹೋಗಿ ಬಂದೆ. ಚುಕ್ಕಿ ಸಾಲಾಗೇ ಇವೆ, ಹಿಂದೆ ಯಾವ್ದೋ ಕಥೆಯ ಕೊನೇ ಎರಡು ಕಾಲಂ. 1,000ಕ್ಕೆ ಕೊಟ್ರು. ಉಳಿದ ಹಾಳೆ ಇಲ್ವಂತೆ, ಆದ್ರೂ ಮುಂದಿನ ಶುಕ್ರವಾರ ರಾಶಿ ಪೂರ್ತಿ ಹುಡುಕ್ತೀನಿ, ಆ ಕಥೆ ಶುರು ಎಲ್ಲಿದೆ ನೋಡ್ಬೇಕು.