ಹಳೇ ಫೋರ್ ವೀಲ್ ಪಿಕಪ್: ಹೌಸಿಂಗ್ ಇಳಸೂಕ್ಕಿಂತ ಮೊದಲ ಏನ್ ನೋಡಬೇಕು?

ಪ್ರಶ್ನೆ (ಅಣ್ಣಿಗೇರಿ): ನಮಸ್ಕಾರ್ರೀ ಮಿಸ್ತ್ರಿ ಅಣ್ಣಾರ. ನಮ್ಮದು ಹಳೇ ಫೋರ್ ವೀಲ್ ಡ್ರೈವ್ ಪಿಕಪ್. ಕ್ಲಚ್ ಬಿಟ್ಟು ಗಾಡಿ ಎತ್ತೂ ಮುಂದ ತಳದಾಗ 'ಟಣಕ್' ಅಂತೈತಿ, ರಿವರ್ಸ್ ಹಾಕಿದ್ರ ಮತ್ತೊಮ್ಮೆ. ಗದಗ ರೋಡಿನ್ಯಾಗ 50ರ ಮ್ಯಾಲೆ ಹೋದ್ರ 'ಗುಂಯ್' ಅಂತ ಒಂದ ಸಮ ಸಪ್ಪಳ. ಇಲ್ಲಿ ಗ್ಯಾರೇಜಿನವರು ಹಿಂದಿನ ಹೌಸಿಂಗ್ (ಎರಡು ಗಾಲಿ ನಡುವಿನ ಗೇರ್ ಡಬ್ಬಿ) ಇಳಿಸಿ ಅದರೊಳಗಿನ ಕ್ರೌನ್ ಪಿನಿಯನ್ ಸೆಟ್ (ಶಾಫ್ಟಿನ ತಿರುಗು ಗಾಲಿಗೆ ಕೊಡೂ ಜೋಡಿ ಗೇರ್) ಬದಲಿ ಮಾಡೂನು ಅಂತಾರ. ಖರ್ಚು ಭಾಳ ಐತಿ. ಮಾಡಸಲೇನ್ರಿ?

ಉತ್ತರ (ಮಿಸ್ತ್ರಿ, ಹುಬ್ಬಳ್ಳಿ): ಈಗ ಬ್ಯಾಡ್ರಿ. ಇವು ಎರಡು ಬ್ಯಾರೆ ಬ್ಯಾರೆ ಸಪ್ಪಳ, ಒಂದಕ್ಕ ಕೂಡಿಸಿದ್ರ ರೊಕ್ಕ ಹಾಳಾಗ್ತದ.

'ಟಣಕ್'ಗೆ ಮೊದಲ ಜಾಯಿಂಟ್ ಕ್ರಾಸ್ ನೋಡ್ರಿ, ಅಂದ್ರ ಹೌಸಿಂಗಿಗೆ ಹೋಗೂ ಉದ್ದನ ಶಾಫ್ಟಿನ ತುದಿಗೆ ಇರೂ ಕೂಡುಗುರುತಿನ (+) ಆಕಾರದ ಕೀಲು. ಸಪಾಟ ಜಾಗಾದಾಗ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ ಹಾಕಿ, ನಾಕೂ ಗಾಲಿಗೆ ಕಲ್ಲು ಕೊಟ್ಟು ತಳಗ ಹೋಗ್ರಿ. ಕ್ರಾಸಿನ ಈ ಕಡೆ ಯೋಕ್ (ಕ್ರಾಸ್ ಹಿಡಿಯೂ ಕವಲು) ಒಂದ ಕೈಯಾಗ, ಆ ಕಡೆದು ಇನ್ನೊಂದ ಕೈಯಾಗ ಹಿಡದು ಎದುರು ಬದುರು ತಿರುವ್ರಿ. ಇಡೀ ಶಾಫ್ಟ್ ಸ್ವಲ್ಪ ಅಲುಗಾಡಿದ್ರ ಅದು ಹೌಸಿಂಗ್ ಹಲ್ಲಿನ ಸಂದು, ಅದಕ್ಕ ಹೆದರಬ್ಯಾಡ್ರಿ. ಎರಡು ಯೋಕಿನ ನಡುವ ಪ್ಲೇ (ಸಡಿಲ) ಸಿಕ್ರ, ಕ್ರಾಸಿನ ನಾಕೂ ತುದಿಗೆ ಇರೂ ಬೇರಿಂಗ್ ಕಪ್ಪಿನ (ಟೋಪಿ) ಸುತ್ತ ಕೆಂಪು ತುಕ್ಕಿನ ಪುಡಿ ಕಂಡ್ರ ಕ್ರಾಸ್ ಮುಗದೈತಿ. ಗ್ರೀಸ್ ಹೊಡದಾಗ ನಾಕೂ ಕಪ್ಪಿನಿಂದ ಹಳೇ ಗ್ರೀಸ್ ಹೊರಗ ಬರಬೇಕು. ಪಾಟಾದ (ಸ್ಪ್ರಿಂಗ್ ಪಟ್ಟಿ) ಯು ಬೋಲ್ಟ್ ಸಡ್ಲಾದ್ರೂ ಹಿಂಗ ಟಣಕ್ ಅಂತೈತಿ, ಪಾನಾ ಹಚ್ಚಿ ನೋಡ್ರಿ.

'ಗುಂಯ್'ಗೆ ಕಾಲಿನ ಪರೀಕ್ಷೆ. ಎಕ್ಸಲೇಟರ್ ಒತ್ತಿದಾಗ ಒಂದು ನಮೂನಿ, ಬಿಟ್ಟಾಗ ಇನ್ನೊಂದು ನಮೂನಿ ಆದ್ರ ಕ್ರೌನ್ ಪಿನಿಯನ್ ಇಲ್ಲಾ ಪಿನಿಯನ್ ಬೇರಿಂಗ್ ಮ್ಯಾಲೆ ಅನುಮಾನ. ಕಾಲಿಗೆ ಏನೂ ಬದಲಾಗದಿದ್ರ ಗಾಲಿ ಬೇರಿಂಗ್ ಅಥವಾ ಟೈರ್. ಖಾಲಿ ರೋಡಿನ್ಯಾಗ ಸ್ಟೇರಿಂಗ್ ನಿಧಾನಕ್ಕ ಎಡಕ್ಕ ತಿರುವ್ರಿ. ಭಾರ ಬಲಗಡೆ ಹೋಗ್ತದ, ಆಗ ಸಪ್ಪಳ ಹೆಚ್ಚಾದ್ರ ಬಲಗಡೆ ಬೇರಿಂಗ್.

ಹೌಸಿಂಗ್ ಆಯಿಲ್ ಸಹಿತ ನೋಡ್ರಿ. ಆಯಿಲ್ ತುಂಬೂ ಮ್ಯಾಲಿನ ಪ್ಲಗ್ ಮೊದಲ ಬಿಚ್ರಿ, ಆಮ್ಯಾಲೆ ಕೆಳಗಿಂದು. ಮ್ಯಾಲಿಂದು ಬರಲಿಲ್ಲಂದ್ರ ಖಾಲಿ ಹೌಸಿಂಗ್ ಇಟಗೊಂಡು ಕುಂದರಬೇಕಾಗ್ತದ. ಪ್ಲಗ್ಗಿನ ಅಯಸ್ಕಾಂತಕ್ಕ ನುಣ್ಣನೆ ಬೂದಿಬಣ್ಣದ ಲೇಪ ಇದ್ರ ಸರಿ, ಕಬ್ಬಿಣದ ಚೂರು ಸಿಕ್ರ ಆಗ ಬಿಚ್ಚಸ್ರಿ. ಬೆಣ್ಣಿಹಳ್ಳದ ನೀರಾಗ ಗಾಡಿ ಇಳಿಸಿದ್ರ ಹೌಸಿಂಗಿನ ಗಾಳಿ ಕೊಳವಿ ಬ್ರೀದರ್‌ನಿಂದ ನೀರು ಒಳಗ ಹೋಗಿರಬಹುದು, ಹೋಗಿದ್ರ ಆಯಿಲ್ ಹಾಲು ಹಾಕಿದ ಚಾದಂಗ ಕಾಣ್ತದ.

ಪ್ರಶ್ನೆ (ಅಣ್ಣಿಗೇರಿ): ಹಿಂದಿನ ಕ್ರಾಸಿನ್ಯಾಗ ಪ್ಲೇ ಐತ್ರಿ, ತುಕ್ಕೂ ಐತಿ. ಆಯಿಲ್ ಛಲೋ ಐತಿ. 'ಗುಂಯ್' ಕಾಲಿಗೆ ಬದಲಾಗವಲ್ದು, ಸ್ಟೇರಿಂಗಿಗೂ ಇಲ್ಲ. ಇನ್ನೊಂದ್ರಿ, ಎರಿ ಹೊಲದಿಂದ ಫೋರ್ ವೀಲ್‌ನ್ಯಾಗ ಬಂದು ಡಾಂಬರಿನ ಮ್ಯಾಲೆ ತಿರುವಿದ್ರ ಗಾಡಿ ಜಗ್ಗತೈತಿ, ಟೂ ವೀಲಿಗೆ ತರಾಕ ಹೋದ್ರ ಲಿವರ್ ಬಿಡಂಗಿಲ್ಲ.

ಉತ್ತರ: ಜಗ್ಗೂದು ರೋಗ ಅಲ್ಲ. ನಿಮ್ಮಂಥ ಲಿವರ್ ಗಾಡಿಗೆ ಮುಂದಿನ ಹಿಂದಿನ ಶಾಫ್ಟ್ ನಡುವ ಡಿಫರೆನ್ಷಿಯಲ್ (ಎರಡೂ ಬ್ಯಾರೆ ಬ್ಯಾರೆ ವೇಗದಾಗ ತಿರಗಾಕ ಬಿಡೂ ಗೇರ್) ಇರಂಗಿಲ್ಲ. ತಿರುವಿನ್ಯಾಗ ಮುಂದಿನ ಗಾಲಿ ಹೆಚ್ಚು ದೂರ ಉಳ್ಳಬೇಕು, ಕೆಸರಾಗ ಜಾರಿ ಹೊಂದಕೋತಾವ, ಒಣ ಡಾಂಬರಿನ್ಯಾಗ ಜಾರಾಕ ಆಗಂಗಿಲ್ಲ, ಆ ಬಿಗಿ ಗೇರಿನ ಮ್ಯಾಲೆ ಕುಂದರ್ತದ. ರೋಡಿಗೆ ಬರೂ ಮೊದಲ ಟೂ ವೀಲ್ ಮಾಡ್ರಿ. ಲಿವರ್ ಹಿಡಕೊಂಡ್ರ ನೆಟ್ಟಗ ಸ್ವಲ್ಪ ರಿವರ್ಸ್ ಹೋಗ್ರಿ, ಬಿಡ್ತೈತಿ. ನಾಕೂ ಟೈರ್ ಒಂದ ಸೈಜ್ ಇರ್ಲಿ.

ಕ್ರಾಸ್ ಹಾಕಸ್ರಿ, ಶಾಫ್ಟ್ ಬಿಚ್ಚೂ ಮೊದಲ ಎರಡೂ ತುದಿಗೆ ಪಂಚಿನ ಗುರುತು ಹಾಕಸ್ರಿ, ಹೆಚ್ಚುಕಡಿಮಿ ಕುಂತ್ರ ಗಾಡಿ ನಡಗತೈತಿ. ಆಮ್ಯಾಲೂ 'ಗುಂಯ್' ಉಳದ್ರ ಮುಂದಿನ ಶಾಫ್ಟ್ ಬಿಚ್ಚಿಟ್ಟು ಟೂ ವೀಲ್‌ನ್ಯಾಗ ಹೊಡ್ರಿ. ಫ್ರೀ ಹಬ್ (ಮುಂದಿನ ಗಾಲಿನ ಆಕ್ಸಲಿನಿಂದ ಬಿಡಸೂ ಕೀಲು) ಇಲ್ಲದ ಗಾಡಿಗೆ ಟೂ ವೀಲ್‌ನ್ಯಾಗೂ ಆ ಶಾಫ್ಟ್ ತಿರಗ್ತಿರ್ತದ. ಸಪ್ಪಳ ಹೋತಂದ್ರ ದೋಷ ಮುಂದ ಐತಿ, ಹಿಂದಿನ ಹೌಸಿಂಗ್ ಮುಟ್ಟಸಬ್ಯಾಡ್ರಿ. ಹೋಗಲಿಲ್ಲಂದ್ರ ಟೈರ್ ಅದಲು ಬದಲು ಮಾಡಿ ಕೇಳ್ರಿ, ಏನಾತು ಅಂತ ಇಲ್ಲೇ ಬರೀರಿ.