ಹಳೇ ಪೂಲ್ ಬಾಲ್‌ಗಳಿಂದ ಏನೇನು ಮಾಡಬಹುದು? ತೂತು ಹಾಕೋದು ಹೇಗೆ?

ಪ್ರಶ್ನೆ (ತುಮಕೂರು)

ಇಲ್ಲಿ ಮುಚ್ಚಿದ ಒಂದು ಪೂಲ್ (ಬಿಲಿಯರ್ಡ್ಸ್ ಥರದ ಮೇಜಿನಾಟ) ಪಾರ್ಲರ್‌ನಿಂದ ಎರಡು ಸೆಟ್, ಒಟ್ಟು 32 ಬಾಲ್ ಸಿಕ್ಕಿವೆ. ಏಳೆಂಟರಲ್ಲಿ ಚಕ್ಕೆ ಎದ್ದಿದೆ, ಉಳಿದವು ಚೆನ್ನಾಗಿವೆ. ಜೀಪಿಗೆ ಗೇರ್ ನಾಬ್, ಗೋಡೆಗೆ ಬಟ್ಟೆ ಹಾಕುವ ಗೂಟ ಮಾಡುವ ಯೋಚನೆ ಇದೆ. ಹ್ಯಾಂಡ್ ಡ್ರಿಲ್ ಇಟ್ಟರೆ ಬಿಟ್ ಜಾರಿ ಗೀರು ಬೀಳುತ್ತದೆ. ಬಾಲನ್ನು ಅಲುಗದಂತೆ ಹಿಡಿಯುವುದು ಹೇಗೆ? ಪಾತ್ರೆ ಮುಚ್ಚಳದ ಹಿಡಿಗೆ ಆದೀತೇ? ಬೇರೇನು ಮಾಡಬಹುದು?

ಉತ್ತರ 1 (ಲೇತ್ ಕೆಲಸ, ತುಮಕೂರು)

ಮೊದಲು ಅಳತೆ ನೋಡಿ. ಸರಿಯಾದ ಪೂಲ್ ಬಾಲ್ 57.15 ಮಿ.ಮೀ. ಇರುತ್ತದೆ, ತೂಕ 156ರಿಂದ 170 ಗ್ರಾಂ. ಒಳ್ಳೆಯವು ಫೀನಾಲಿಕ್ ರೆಸಿನ್, ಅಂದರೆ ಬೇಕಲೈಟ್ ಜಾತಿ. ಅಗ್ಗದವು ಪಾಲಿಯೆಸ್ಟರ್, ಡ್ರಿಲ್ ಮಾಡುವಾಗ ಬೇಗ ಸೀಳುತ್ತವೆ. ಚಕ್ಕೆ ಎದ್ದ ಒಂದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

ಹಿಡಿಯಲು 90 ಮಿ.ಮೀ. ಚೌಕದ, 40 ಮಿ.ಮೀ. ದಪ್ಪದ ಎರಡು ಮರದ ತುಂಡು ಸಾಕು. 45 ಮಿ.ಮೀ. ಹೋಲ್ ಸಾದಿಂದ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ಎರಡರಲ್ಲೂ 15 ಮಿ.ಮೀ. ಆಳಕ್ಕೆ ಕೊರೆದು, ನಡುವಿನ ಮರವನ್ನು ಉಳಿಯಿಂದ ತೆಗೆಯಿರಿ. ಹೋಲ್ ಸಾದ ನಡುಬಿಟ್ ಮಾಡುವ 6 ಮಿ.ಮೀ. ತೂತು ಮೇಲಿನ ತುಂಡಿನಲ್ಲಿ ಆರಪಾರ ಇರಲಿ. ನಿಮ್ಮ ಡ್ರಿಲ್ ಬಿಟ್‌ಗೆ ಅದೇ ದಾರಿ, ಇನ್ನು ಜಾರುವ ಮಾತೇ ಇಲ್ಲ. ಗುಳಿಯ ಅಂಚಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ, ಬಾಲನ್ನು ನಡುವೆ ಇಟ್ಟು, ನಾಲ್ಕು ಮೂಲೆಗೆ 150 ಮಿ.ಮೀ. ಉದ್ದದ ಎಂ8 ಥ್ರೆಡ್ ರಾಡ್ (8 ಮಿ.ಮೀ. ದಪ್ಪದ, ಮೈತುಂಬ ಸ್ಕ್ರೂ ಸುರುಳಿ ಇರುವ ಸರಳು) ಹಾಕಿ ನಟ್ ಬಿಗಿಯಿರಿ.

ನಂಬರು ಬಾಲಿನ ಎರಡೂ ಎದುರು ಬದಿಯಲ್ಲಿ ಇರುತ್ತದೆ. ಒಂದು ನಂಬರಿನ ನಟ್ಟನಡುವೆ ತೂತು ಹಾಕಿದರೆ ಇನ್ನೊಂದು ನೇರವಾಗಿ ಕಣ್ಣಿಗೆ ಕಾಣುತ್ತದೆ.

ಹ್ಯಾಮರ್ ಮೋಡ್ ಖಂಡಿತ ಬೇಡ. ವೇಗ 500 ಆರ್‌ಪಿಎಂ ಸುತ್ತಮುತ್ತ ಇರಲಿ, ಪ್ರತಿ 3 ಮಿ.ಮೀ.ಗೆ ಬಿಟ್ ಹೊರಗೆಳೆದು ಪುಡಿ ಉದುರಿಸಿ. ಪುಡಿ ಒಳಗೇ ಉಳಿದರೆ ಬಿಸಿಯಾಗಿ ಘಾಟು ವಾಸನೆ ಬರುತ್ತದೆ, ತೂತಿನ ಬಾಯಿ ಕಂದುತ್ತದೆ. ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿ. ಗೂಟಕ್ಕೆ 5 ಮಿ.ಮೀ. ತೂತು ಹಾಕಿ ಎಂ6 ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ), 20 ಮಿ.ಮೀ. ಆಳ. ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ.

ಗೇರ್ ನಾಬ್‌ಗೆ ಬಾಲಿನಲ್ಲೇ ಟ್ಯಾಪ್ ಹೊಡೆದು ಬಿಟ್ಟರೆ ನಡುಕಕ್ಕೆ ಥ್ರೆಡ್ ಪುಡಿಯಾಗುತ್ತದೆ. 12 ಮಿ.ಮೀ. ತೂತು ಮಾಡಿ, ಒಳಥ್ರೆಡ್ ಇರುವ ಹಿತ್ತಾಳೆ ಬುಷ್ (ಸಣ್ಣ ಕೊಳವೆ) ಕೂರಿಸಿ. ಲಿವರಿನ ಥ್ರೆಡ್ ಅಳೆದೇ ಬುಷ್ ತನ್ನಿ, ಎಲ್ಲ ಗಾಡಿಗೂ ಒಂದೇ ಅಲ್ಲ. ತೂತಿನ ಒಳಗೋಡೆಯನ್ನು 80 ನಂಬರ್ ಸ್ಯಾಂಡ್ ಪೇಪರಿನಿಂದ ಒರಟು ಮಾಡಿ, ಥಿನ್ನರಿನಿಂದ ಒರೆಸಿ, ಸ್ಟ್ಯಾಂಡರ್ಡ್ ಆರಾಲ್ಡೈಟ್ ಹಚ್ಚಿ ಒಂದು ದಿನ ಮುಟ್ಟಬೇಡಿ. ಬುಷ್‌ನ ಹೊರಮೈಯಲ್ಲಿ ಅರದಿಂದ ಉದ್ದಕ್ಕೆ ಒಂದು ಗೀರು ಎಳೆದಿರಬೇಕು. ಇಲ್ಲದಿದ್ದರೆ ತಳದ ಗಾಳಿಗೆ ದಾರಿಯಿಲ್ಲದೆ ಅಂಟು ಕೂರುವ ಮೊದಲೇ ಬುಷ್ ಮೇಲೇಳುತ್ತದೆ. ರಿವರ್ಸ್ ಹಾಕಲು ನಾಬ್ ಕೆಳಗಿನ ರಿಂಗ್ ಎತ್ತುವ ಗಾಡಿಗಳಿಗೆ ಇದು ಹೊಂದುವುದಿಲ್ಲ.

ಮುಚ್ಚಳದ ಹಿಡಿ ಬೇಡ. ಬಿಸಿ ತಡೆದರೂ ತೆಳು ಅಲ್ಯೂಮಿನಿಯಂ ಮುಚ್ಚಳದ ಮೇಲೆ 160 ಗ್ರಾಂ ಕೂತರೆ ಅದು ವಾಲುತ್ತದೆ.

ಉತ್ತರ 2 (ವಿಜ್ಞಾನ ಶಿಕ್ಷಕರು, ಚಿಕ್ಕಬಳ್ಳಾಪುರ)

ಚೆನ್ನಾಗಿರುವುದರಲ್ಲಿ ಐದನ್ನು ದಯವಿಟ್ಟು ಹತ್ತಿರದ ಹೈಸ್ಕೂಲಿಗೆ ಎತ್ತಿಡಿ. ಸಂವೇಗ ಸಂರಕ್ಷಣೆ ತೋರಿಸುವ ನ್ಯೂಟನ್ ತೊಟ್ಟಿಲು (ಸಾಲಾಗಿ ನೇತಾಡುವ ಬಾಲ್‌ಗಳಲ್ಲಿ ಒಂದು ತುದಿಯದು ಬಡಿದರೆ ಇನ್ನೊಂದು ತುದಿಯದು ಮೇಲೇಳುವ ಸಾಧನ) ಇಷ್ಟು ದೊಡ್ಡದಾಗಿದ್ದರೆ ಹಿಂದಿನ ಬೆಂಚಿಗೂ ಕಾಣುತ್ತದೆ. ಪ್ರತಿ ಬಾಲಿಗೂ ಒಂದು ಸಣ್ಣ ಕೊಂಡಿ, ಎರಡು ಕಡೆಗೆ ವಿ ಆಕಾರದಲ್ಲಿ ಮೀನು ಹಿಡಿಯುವ ನೈಲಾನ್ ದಾರ. ಮೇಲಿನ ಎರಡು ಪಟ್ಟಿಗಳಲ್ಲಿ ದಾರ ಕಟ್ಟುವ ಜಾಗಗಳ ನಡುವೆ ಸರಿಯಾಗಿ ಬಾಲಿನ ವ್ಯಾಸದಷ್ಟೇ, 57.2 ಮಿ.ಮೀ. ಅಂತರ ಇರಲಿ. ಕಡಿಮೆಯಾದರೆ ಬಾಲ್‌ಗಳು ಒಂದನ್ನೊಂದು ಒತ್ತಿಕೊಂಡು ನಡುವಿನವೂ ಅಲುಗುತ್ತವೆ, ಹೆಚ್ಚಾದರೆ ಸಂದಿ ಬೀಳುತ್ತದೆ. ಐದರ ಕೇಂದ್ರವೂ ಒಂದೇ ಮಟ್ಟದಲ್ಲಿರಬೇಕು, ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ನೇತಾಡುವ ಎತ್ತರ 50 ಸೆಂ.ಮೀ. ಇಟ್ಟರೆ ಒಂದು ಪೂರ್ಣ ತೂಗಾಟಕ್ಕೆ ಸುಮಾರು 1.4 ಸೆಕೆಂಡು. ಬಿಳಿ ಬಾಲ್ ಸೇರಿಸಬೇಡಿ: ಹೊಡೆತವೆಲ್ಲ ಅದಕ್ಕೇ ಬೀಳುವುದರಿಂದ ಸವೆದು ತೂಕ ಕಡಿಮೆಯಾಗಿರುತ್ತದೆ.

ಉತ್ತರ 3 (ಕೆಜಿಎಫ್, ಕೋಲಾರ ಜಿಲ್ಲೆ)

ನಂಬರಿರುವ ನಿಮ್ಮ ಬಾಲ್‌ಗಳಿಗೆ ಚಿಂತೆಯಿಲ್ಲ. ಆದರೆ ಬ್ರಿಟಿಷರ ಕಾಲದ ಕ್ಲಬ್ಬು, ಬಂಗಲೆಗಳ ಸಾಮಾನಿನಲ್ಲಿ ನಂಬರಿಲ್ಲದ ಹಳೇ ಬಾಲ್ ಸಿಕ್ಕರೆ ಡ್ರಿಲ್ ಇಡುವ ಮೊದಲು ನಿಲ್ಲಿ. ಬಟ್ಟೆಯಿಂದ ಜೋರಾಗಿ ಉಜ್ಜಿ ಮೂಸಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್, ಡ್ರಿಲ್ಲಿನ ಬಿಸಿಗೇ ಹೊತ್ತಿಕೊಳ್ಳಬಲ್ಲದು. ಭೂತಗನ್ನಡಿಯಲ್ಲಿ ಒಂದನ್ನೊಂದು ಹಾಯುವ, ಹೆಣಿಗೆಯಂಥ ನವಿರು ಗೆರೆ ಕಂಡರೆ ಆನೆದಂತ. ಅದರಿಂದ ವಸ್ತು ಮಾಡಿ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮುಟ್ಟದೆ ಅರಣ್ಯ ಇಲಾಖೆಯನ್ನು ಕೇಳಿ.

ಚಕ್ಕೆ ಎದ್ದವನ್ನು ಹಾಗೇ ಇಟ್ಟುಕೊಳ್ಳಿ. ಚಕ್ಕೆಯ ಜಾಗಕ್ಕೇ ತೂತು ಬರುವಂತೆ ಹೊಂದಿಸಿದರೆ ಗೋಡೆಗೂಟದಲ್ಲಿ ಅದು ಹಿಂದೆ ಮರೆಯಾಗುತ್ತದೆ.

ಪ್ರಶ್ನೆ ಕೇಳಿದವರು

ತೂಗಿ ನೋಡಿದೆ, ಒಂದು ಸೆಟ್ 162ರಿಂದ 166 ಗ್ರಾಂ, ಇನ್ನೊಂದು 140ರ ಆಸುಪಾಸು. ಹಗುರದ್ದು ಗೂಟಕ್ಕೆ, ಭಾರದ ಸೆಟ್ಟಿನಿಂದ ಐದು ಶಾಲೆಗೆ, ಒಂದು ಜೀಪಿಗೆ. ಹೋಲ್ ಸಾ ತರುತ್ತೇನೆ.