ಅಪ್‌ಡೇಟ್: ಗೆಳತಿಗೆ ಮನೆ ಬದಲಾಯಿಸುವ ವಿಷಯ ಹೇಳಿದೆ

ಜಯನಗರದ ಬಾಡಿಗೆ ಮನೆ ಬಿಟ್ಟು ಕೆಂಗೇರಿಗೆ ಹೋಗುತ್ತಿದ್ದೇವೆ, ಪಕ್ಕದ ಬೀದಿಯ ಗೆಳತಿಗೆ ಹೇಗೆ ಹೇಳಲಿ ಅಂತ ಹಿಂದೆ ಕೇಳಿದ್ದೆ. ಮೆಸೇಜ್ ಬೇಡ, ಎದುರಿಗೇ ಹೇಳಿ ಅಂದವರೇ ಜಾಸ್ತಿ. ಹಾಗೇ ಮಾಡಿದೆ.

4ನೇ ಬ್ಲಾಕ್‌ನಲ್ಲಿ ಸೊಪ್ಪು ಕೊಳ್ಳುವಾಗ ಬಾಯಿಬಿಟ್ಟೆ. ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟಳು. "ಕೆಂಗೇರಿನಾ? ಅದು ಮೈಸೂರಿಗೇ ಹತ್ತಿರ ಕಣೇ!" ಅಂದಳು. ಒಂದು ನಿಮಿಷ ಮಾತಿಲ್ಲ. ಆಮೇಲೆ ಸೊಪ್ಪಿನಮ್ಮನ ಜೊತೆ ಐದು ರೂಪಾಯಿಗೆ ಚೌಕಾಸಿಗಿಳಿದಳು ನೋಡಿ, ನನಗೆ ಉಸಿರು ಬಂತು.

ಮೆಟ್ರೋ ಇದೆಯಲ್ಲ ಅಂದೆ. ಜಯನಗರದಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿದರೆ ಕೆಂಗೇರಿ. "ಸಂಜೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ನೋಡು, ಗೊತ್ತಾಗುತ್ತೆ" ಅಂತ ಬೈದಳು. ಅದೂ ನಿಜವೇ.

ಬೇಜಾರು ಮುಗಿದ ಮೇಲೆ ಕೆಲಸದ ಮಾತು ಅವಳೇ ತೆಗೆದಳು. ಉಚಿತ ಕರೆಂಟ್‌ನ ಗೃಹಜ್ಯೋತಿ ಯೋಜನೆ ಹಳೇ ಮನೆಯ ಮೀಟರ್‌ಗೆ ಸೇರಿಕೊಂಡಿರುತ್ತೆ. ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅದನ್ನು ಡಿ-ಲಿಂಕ್ ಮಾಡಿ, ಹೊಸ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ನಂಬರ್) ಮತ್ತೆ ಅರ್ಜಿ ಹಾಕಬೇಕು. ಬಾಡಿಗೆಗಿರುವವರು ಇದನ್ನು ಮರೆಯಬೇಡಿ. ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದಾರೆ, ಆ ಕಥೆ ಬೇಡ ಬಿಡಿ.

ಭಾನುವಾರ ಹಾಲು ಉಕ್ಕಿಸುವುದಕ್ಕೆ ಅವಳೂ ಬರುತ್ತಿದ್ದಾಳೆ. ಹೊಸ ಮನೆ ಹತ್ತಿರ ಒಳ್ಳೇ ದರ್ಶಿನಿ ಯಾವುದು ಅಂತ ಈಗಲೇ ವಿಚಾರಿಸುತ್ತಿದ್ದಾಳೆ. ಕೆಂಗೇರಿಯವರು ಯಾರಾದರೂ ಇದ್ದರೆ ಹೇಳಿ.